ಗೋಡೆಗೊಂದು ದುಂಡನೆಯ ತೂತು

ದೆಹಲಿಗೆ ಏಪ್ರಿಲ್ ಕಾಲಿಟ್ಟರೆ ಸಾಕು, ನಮ್ಮ ಸರ್ಕಾರಿ ವಸತಿಗಳಲ್ಲಿ ಗೋಡೆ ಕೊರೆಯುವ ಯಂತ್ರಗಳ ಸದ್ದು ಶುರುವಾಗುತ್ತದೆ. ಏಸಿಯ ತಾಮ್ರದ ಕೊಳವೆಗೆ ಒಂದು ತೂತು, ಅಡುಗೆಮನೆಯ ಚಿಮಣಿಗೆ ಅದಕ್ಕಿಂತ ದೊಡ್ಡದೊಂದು, ಬಚ್ಚಲಿನ ನೀರು ಹೊರಹೋಗಲು ಮತ್ತೊಂದು. ಈ ಗದ್ದಲಕ್ಕೆ ಬೇಸತ್ತು, ‘ಕೋರ್ ಕಟಿಂಗ್’ ಯಂತ್ರವನ್ನೇ ಆವರಣದೊಳಗೆ ಬಿಡಬಾರದೆಂಬ ಸಲಹೆ ನಮ್ಮ ನಿವಾಸಿಗಳ ಸಂಘದಲ್ಲಿ ಬಂದಿದೆ. ಅದನ್ನು ನಾನು ಒಪ್ಪಲಾರೆ. ‘ಒಂದು ತೂತಿನಿಂದ ಏನು ಮಹಾ ಆದೀತು’ ಎಂದು ಅದನ್ನು ತಳ್ಳಿಹಾಕುವವರ ಮಾತಿಗೂ ನನ್ನ ಸಮ್ಮತಿಯಿಲ್ಲ.

ಮೊದಲು ಯಂತ್ರದ ಪರವಾಗಿ ನಾಲ್ಕು ಮಾತು. ಅದನ್ನು ನಿಷೇಧಿಸಿದರೆ ತೂತುಗಳು ನಿಲ್ಲುವುದಿಲ್ಲ. ಉಳಿ, ಸುತ್ತಿಗೆ ಮರಳಿ ಬರುತ್ತವೆ. ನಾಲ್ಕಂಗುಲದ ಕೊಳವೆಗಾಗಿ ಒಂದಡಿ ಅಗಲ ಒಡೆಯಬೇಕು. ಹೊಡೆತಕ್ಕೆ ಸುತ್ತಲಿನ ಇಟ್ಟಿಗೆಗಳ ಗಾರೆ ಸಡಿಲುತ್ತದೆ, ಆಚೆ ಬದಿಯ ಗಿಲಾವು ಉದುರುತ್ತದೆ. ಆಮೇಲೆ ಅಲ್ಲಿಗೆ ಸಿಮೆಂಟು ಮೆತ್ತುವುದು. ವಜ್ರದ ಕೋರ್ ಬಿಟ್ ಹೊಡೆಯುವುದಿಲ್ಲ, ತೇಯುತ್ತದೆ. ಅದೊಂದು ಟೊಳ್ಳು ಉಕ್ಕಿನ ಕೊಳವೆ; ಅದರ ಬಾಯಂಚಿಗೆ ಬೆಸೆದ ಹಲ್ಲುಗಳಲ್ಲಿ ಲೋಹದ ಪುಡಿಯೊಡನೆ ಕೃತಕ ವಜ್ರದ ಹರಳುಗಳನ್ನು ಸೇರಿಸಿರುತ್ತಾರೆ. ಲೋಹ ಸವೆದಂತೆ ಮೊಂಡಾದ ಹರಳು ಉದುರಿ ಹೊಸದು ಮೇಲೇಳುತ್ತದೆ. ಆದ್ದರಿಂದಲೇ ಗಟ್ಟಿ ಕಾಂಕ್ರೀಟಿಗೆ ಮೆದು ಲೋಹದ ಹಲ್ಲು, ಮೆದುವಾದ ಒರಟು ಇಟ್ಟಿಗೆಗೆ ಗಟ್ಟಿ ಲೋಹದ ಹಲ್ಲು ಬೇಕು; ನಾವು ಊಹಿಸುವುದಕ್ಕೆ ತೀರಾ ತಿರುಗುಮುರುಗು. ಬಳೆಯಂತೆ ಅಂಚಷ್ಟೇ ಸವೆದು, ನಡುವಿನ ಭಾಗ ತುಂಡಾಗಿ ಈಚೆ ಬರುತ್ತದೆ. 1863ರಲ್ಲಿ ಲೆಷೊ ಎಂಬ ಎಂಜಿನಿಯರ್ ಬಂಡೆ ಕೊರೆಯಲು ಇದನ್ನು ರೂಪಿಸಿದಾಗ ನಿಜವಾದ ವಜ್ರಗಳೇ ಬೇಕಾಗಿದ್ದವು. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಕೃತಕ ವಜ್ರ ತಯಾರಾಯಿತು. ಗೋಲ್ಕೊಂಡದ ವಜ್ರಕ್ಕಾಗಿ ಅರಸರು ಕಾದಾಡಿದ ನಾಡಿನಲ್ಲಿ ಇಂದು ವಜ್ರದ ಹಲ್ಲುಗಳು ಸ್ಕೂಟರಿನ ಚೀಲದಲ್ಲಿ ಮನೆಬಾಗಿಲಿಗೆ ಬರುತ್ತವೆ.

ಆದರೆ ಇದೇ ಸೌಕರ್ಯದೊಳಗೆ ಒಂದು ಕೇಡೂ ಅಡಗಿದೆ. ಉಳಿ ಕಬ್ಬಿಣಕ್ಕೆ ತಗಲಿದರೆ ಠಣ್ಣೆನ್ನುತ್ತದೆ. ಮೇಸ್ತ್ರಿ ಕೈ ತಡೆದು ನೋಡುತ್ತಾನೆ. ವಜ್ರಕ್ಕೆ ಇಟ್ಟಿಗೆಯೂ ಒಂದೇ, ಕಾಂಕ್ರೀಟೂ ಒಂದೇ. ಒಳಗಿನ ಕಬ್ಬಿಣದ ಸರಳು ಅಡ್ಡ ಬಂದರೆ ವೇಗ ತುಸು ತಗ್ಗುತ್ತದೆ, ಅಷ್ಟೆ. ಹೊರಬಂದ ತುಂಡಿನಲ್ಲಿ ಸರಳಿನ ಕೊಯ್ದ ಮೈ ನಾಣ್ಯದಂತೆ ಹೊಳೆಯುವಾಗ ತಿಳಿದು ಪ್ರಯೋಜನವೇನು? ನಮ್ಮಂಥ ಎರಡು-ಮೂರು ಅಂತಸ್ತಿನ ಹಳೆಯ ಕಟ್ಟಡಗಳಲ್ಲಿ ಕಂಬಗಳಿಲ್ಲ. ಮೇಲಿನ ಮನೆಯನ್ನು ಹೊತ್ತಿರುವುದು ಈ ಇಟ್ಟಿಗೆ ಗೋಡೆಯೇ. ದೆಹಲಿಯಾದರೋ ಭೂಕಂಪದ ಭಯವಿರುವ ಊರು. ಇಂಥ ಕಡೆ ಎಚ್ಚರದಿಂದ ಕಟ್ಟಿದ ಇಟ್ಟಿಗೆ ಮನೆಗಳಲ್ಲಿ ಬಾಗಿಲು-ಕಿಟಕಿಗಳ ನೆತ್ತಿಯ ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಬಿಗಿಯುವ ಕಾಂಕ್ರೀಟಿನ ಪಟ್ಟಿ ಓಡುತ್ತದೆ. ಏಸಿ ಕೂರಿಸುವವನಿಗೆ ಅಚ್ಚುಮೆಚ್ಚಿನ ಜಾಗವೂ ಕಿಟಕಿಯ ಮೇಲ್ಭಾಗವೇ! ಅವನು ಗುರುತು ಹಾಕುವುದು ತಾಮ್ರದ ಕೊಳವೆ ಎಲ್ಲಿ ಗಿಡ್ಡವಾದೀತೆಂದು ನೋಡಿ. ಅವನ ಲೆಕ್ಕ ಅವನಿಗೆ ಸರಿ. ಗೋಡೆಯ ಲೆಕ್ಕ ಇಟ್ಟವರು ಯಾರು?

ಅಗಲವಾದ ಗೋಡೆಯ ನಡುವೆ ಒಂದೇ ದುಂಡನೆಯ ತೂತು ಸಾಮಾನ್ಯವಾಗಿ ಕೇಡು ಮಾಡದು. ಎರಡು ಕಿಟಕಿಗಳ ನಡುವಿನ ಕಿರಿದಾದ ಗೋಡೆಗೆ, ಮೂಲೆಗೆ, ತೊಲೆ ಕೂತ ಜಾಗದ ಅಡಿಗೆ ಕೈಹಾಕಿದರೆ ಕೇಡು. ಸಾಲಾಗಿ ಐದಾರು ಕೊರೆದರೂ ಕೇಡು. ಅದಕ್ಕಿಂತ ಹೆಚ್ಚಿನ ಹಾನಿ ಯಾರೂ ದೂರದಿರುವ ಇನ್ನೊಂದು ಕೆಲಸದಿಂದ: ಕೊಳವೆ ಕಾಣದಿರಲೆಂದು ಗೋಡೆಯುದ್ದಕ್ಕೂ ಅಡ್ಡಲಾಗಿ ತೋಡುವ ಕಾಲುವೆ. ಭಾರ ಹೊರುವ ಗೋಡೆಯಲ್ಲಿ ಅಡ್ಡ ಕಾಲುವೆಯ ಆಳ ಗೋಡೆಯ ದಪ್ಪದ ಆರನೆಯ ಒಂದು ಭಾಗ ಮೀರಬಾರದೆಂದು ಭಾರತೀಯ ಮಾನಕ 1905 ಹೇಳುತ್ತದೆ. 230 ಮಿಲಿಮೀಟರ್ ಗೋಡೆಗೆ ಅದು ಸುಮಾರು 38 ಮಿಲಿಮೀಟರ್. ಮೇಲೆ ಗಿಲಾವು ಬಳಿದರೆ ಮುಗಿಯಿತು, ಕಣ್ಣಿಗೆ ಏನೂ ಕಾಣದು.

ಕಡತಗಳ ನಡುವೆಯೇ ಹೊಟ್ಟೆ ಹೊರೆಯುವ ನಾನು ಇನ್ನೊಂದು ಅರ್ಜಿ ನಮೂನೆಯನ್ನು ಬೇಡುತ್ತಿಲ್ಲ. ಯಂತ್ರ ಬರುವ ಮುನ್ನ ಕಟ್ಟಡ ಬಲ್ಲ ಒಬ್ಬ ಕಿರಿಯ ಎಂಜಿನಿಯರ್ ಗೋಡೆಯನ್ನು ಎರಡೂ ಬದಿಯಿಂದ ನೋಡಿ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದು ಹೋಗಲಿ. ಹತ್ತು ನಿಮಿಷದ ಕೆಲಸ. ತೂತು ಹೊರಕ್ಕೆ ತುಸು ಇಳಿಜಾರಾಗಿರಲಿ, ಮಳೆನೀರು ಒಳಬಾರದು.

ಇನ್ನು, ಆ ಯಂತ್ರ ಹಿಡಿಯುವ ಹುಡುಗನ ಮಾತು. ನೆಲ ರಾಡಿಯಾದೀತೆಂದು ನಾವು ನೀರು ಬೇಡವೆನ್ನುತ್ತೇವೆ. ಅವನು ಒಣಗೋಡೆಯನ್ನೇ ಕೊರೆಯುತ್ತಾನೆ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು. ಇಟ್ಟಿಗೆ, ಗಾರೆಗಳ ಆ ನುಣ್ಣನೆಯ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕಿಳಿದರೆ ಮತ್ತೆ ಬರುವುದಿಲ್ಲ. 1948ರ ಕಾರ್ಖಾನೆ ಕಾಯಿದೆ ಪಟ್ಟಿ ಮಾಡಿದ್ದ ರೋಗಗಳಲ್ಲಿ ಸಿಲಿಕೋಸಿಸ್ ಕೂಡ ಒಂದಾಗಿತ್ತು; ನಮ್ಮ ಅಡುಗೆಮನೆ ಕಾರ್ಖಾನೆಯಲ್ಲವಲ್ಲ! ಬಿಟ್ ಗೋಡೆಯಲ್ಲಿ ಸಿಕ್ಕಿಕೊಂಡರೆ ತಿರುಗುವುದು ಯಂತ್ರದ ಮೈ, ಅದರೊಡನೆ ಅವನ ಮಣಿಕಟ್ಟು. ಅವನು ನಿಂತಿರುವುದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ. ಸಂಘ ಫಲಕ ಬರೆಸುವುದೇ ಆದರೆ ಹೀಗೆ ಬರೆಸಲಿ: ನೀರಿಗೆಂದೇ ತಯಾರಾದ ಯಂತ್ರ, ಇಲ್ಲವೇ ಧೂಳು ಹೀರುವ ಯಂತ್ರದ ಜೋಡಣೆ, ಸಿಕ್ಕಿಕೊಂಡಾಗ ತಾನೇ ಜಾರುವ ಕ್ಲಚ್ಚು, ನಿಲ್ಲಲು ಗಟ್ಟಿ ಅಟ್ಟಣೆ, ಸರಿಯಾದ ಮುಖಗವಸು. ಖರ್ಚು ಮನೆಯವರದು. ನೆಲದ ರಾಡಿಯನ್ನು ನಾವೇ ಒರೆಸಿಕೊಳ್ಳೋಣ.