ಬೇಟೆಗಾರನೂ ಅಂಗಡಿಯ ಅಹಿಂಸೆಯೂ

ಅಮೆರಿಕದ ಮಾಂಟಾನಾದಲ್ಲಿ ನೆಲೆಸಿರುವ ನನ್ನ ಗೆಳೆಯ, ಜೊತೆಗಾರನೊಬ್ಬನೊಡನೆ ಸರ್ಕಾರಿ ಕಾಡಿನಲ್ಲಿ ಜಿಂಕೆ ಹೊಡೆದು, ಮಾಂಸವನ್ನು ಬೆನ್ನ ಮೇಲೆ ಹೊತ್ತು ತಂದನಂತೆ. ಸುದ್ದಿ ಕೇಳಿ ನಮ್ಮ ಅಧ್ಯಾಪಕ ಮಹನೀಯರು ‘ಶಿವ ಶಿವಾ, ಎಂಥ ಕ್ರೌರ್ಯ!’ ಎಂದರು. ಭಾನುವಾರ ಮಟನ್ ಅಂಗಡಿಯ ಮುಂದೆ ಸಾಲು ನಿಲ್ಲುವವರೂ ಇವರೇ! ಸಸ್ಯಾಹಾರಿಗಳು ಹಾಗೆಂದರೆ ತಲೆಬಾಗುವೆ. ಆ ಬೇಟೆಗಾರನಾದರೋ ಪರವಾನಗಿಗೆ ಹಣ ತೆತ್ತಿದ್ದಾನೆ. 1937ರ ಕಾಯಿದೆಯಂತೆ ಅವನ ಬಂದೂಕು, ಗುಂಡುಗಳ ಮೇಲಿನ ಶೇಕಡಾ 11ರ ತೆರಿಗೆ ವನ್ಯಜೀವಿ ರಕ್ಷಣೆಗೆ ಒದಗುತ್ತದೆ. ಮಾಂಸವನ್ನು ಕಾಡಿನಲ್ಲಿ ಕೊಳೆಯಬಿಡುವುದು ಅಲ್ಲಿ ಅಪರಾಧ. ಇಲ್ಲಿಯೂ ಬೇಟೆ ಬೇಕೆಂದು ನನ್ನ ವಾದವಲ್ಲ. ನಮ್ಮ 1972ರ ಕಾಯಿದೆಯ ನಿಷೇಧ ಸರಿಯಾದುದೇ. ಆದರೆ ಕೊಲ್ಲುವ ಕೆಲಸವನ್ನು ಅಂಗಡಿಯವನ ಕತ್ತಿಗೆ ವಹಿಸಿ, ತಿನ್ನುವ ಸುಖವನ್ನು ಮಾತ್ರ ತಾವಿಟ್ಟುಕೊಂಡವರ ಬಾಯಲ್ಲಿ ಅಹಿಂಸೆ ಶೋಭಿಸದು.