ಮೊದಲು ಕೊಡೆ, ಆಮೇಲೆ ಕ್ರೀಮು

ಬೇಸಿಗೆ ಕಾಲಿಡುತ್ತಿದ್ದಂತೆ ವೈದ್ಯರ ಮುಂದೆ ಬರುವ ಪ್ರಶ್ನೆಗಳಲ್ಲಿ ಇದೂ ಒಂದು: ‘ಯಾವ ಸನ್‌ಸ್ಕ್ರೀನ್ ಹಚ್ಚಿದರೆ ಬೆಳ್ಳಗಾಗಬಹುದು, ಡಾಕ್ಟರೇ?’ ಯಾವುದನ್ನು ಹಚ್ಚಿದರೂ ಹುಟ್ಟು ಬಣ್ಣ ಬದಲಾಗದು. ಸನ್‌ಸ್ಕ್ರೀನ್ ಇರುವುದು ಬಿಸಿಲಿನ ಹಾನಿಯನ್ನು ತಗ್ಗಿಸಲು.

ನಮ್ಮ ಚರ್ಮದ ಕಂದು ಬಣ್ಣ ರೋಗವಲ್ಲ, ರಕ್ಷೆ. ಮೆಲನಿನ್ ಎಂಬ ವರ್ಣದ್ರವ್ಯ ಸೂರ್ಯನ ನೇರಳಾತೀತ ಕಿರಣಗಳನ್ನು ಹೀರಿಕೊಂಡು ಒಳಗಿನ ಜೀವಕೋಶಗಳನ್ನು ಕಾಯುತ್ತದೆ. ಬಿಳಿಯರಿಗಿಂತ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಬಹಳ ಕಡಿಮೆ ಇರಲು ಇದೇ ಮುಖ್ಯ ಕಾರಣ. ಹಾಗೆಂದು ಬಿಸಿಲು ನಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಕೆನ್ನೆಯ ಮೇಲಿನ ಬಂಗು ಹೆಚ್ಚುತ್ತದೆ. ಕೆಲವರಿಗೆ ಬಿಸಿಲಿನ ಅಲರ್ಜಿಯಾಗಿ ತುರಿಕೆ ಏಳುತ್ತದೆ. ತೊನ್ನು ಇರುವ ಭಾಗ ಬೇಗ ಸುಡುತ್ತದೆ. ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ಸೇವಿಸುವವರೂ ಎಚ್ಚರದಿಂದಿರಬೇಕು.

ನಮ್ಮನ್ನು ತಲುಪುವ ನೇರಳಾತೀತ ಕಿರಣಗಳಲ್ಲಿ ಎರಡು ಬಗೆ. ‘ಬಿ’ ಕಿರಣ ಚರ್ಮವನ್ನು ಸುಡುತ್ತದೆ. ‘ಎ’ ಕಿರಣ ಇನ್ನೂ ಆಳಕ್ಕಿಳಿದು ಕಪ್ಪು ಮಾಡುತ್ತದೆ, ಸುಕ್ಕು ತರುತ್ತದೆ. ಕಿಟಕಿಯ ಗಾಜನ್ನೂ ದಾಟುತ್ತದೆ. ಕ್ರೀಮಿನಲ್ಲಿರುವ ವಸ್ತುಗಳು ಈ ಕಿರಣಗಳನ್ನು ಹೀರಿಕೊಂಡು ಅಲ್ಪ ಶಾಖವಾಗಿ ಬದಲಿಸುತ್ತವೆ. ಟ್ಯೂಬಿನ ಮೇಲಿನ ಎಸ್‌ಪಿಎಫ್ ಸಂಖ್ಯೆ ಮುಖ್ಯವಾಗಿ ‘ಬಿ’ ಕಿರಣಕ್ಕೆ ಸಂಬಂಧಿಸಿದ್ದು. ಎಸ್‌ಪಿಎಫ್ 30 ಸುಮಾರು ಶೇ 97ರಷ್ಟನ್ನು ತಡೆದರೆ, 50 ತಡೆಯುವುದು ಶೇ 98ರಷ್ಟನ್ನು. ‘ಎ’ ಕಿರಣವನ್ನೂ ತಡೆಯಬೇಕಾದರೆ ‘ಬ್ರಾಡ್ ಸ್ಪೆಕ್ಟ್ರಮ್’ ಎಂದು ಬರೆದಿರುವುದನ್ನು ಕೊಳ್ಳಿ.

ಆದರೆ ಈ ಲೆಕ್ಕ ಹಾಕಿರುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಕ್ರೀಮು ಹಚ್ಚಿ. ಮುಖ, ಕುತ್ತಿಗೆಗೆ ಎರಡು ಬೆರಳುಗಳ ಉದ್ದಕ್ಕೂ ಹಿಂಡಿದಷ್ಟು ಬೇಕು. ಹೊರಡುವ ಹದಿನೈದು ಇಪ್ಪತ್ತು ನಿಮಿಷ ಮೊದಲು ಲೇಪಿಸಬೇಕು. ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ದಿನಕ್ಕೆ ಎರಡೇ ಸಲ ಹೀಗೆ ಹಚ್ಚಿದರೂ 50 ಗ್ರಾಂ ಟ್ಯೂಬು ಒಂದು ತಿಂಗಳು ಬಾರದು. ಕಡಲೆಕಾಳಿನಷ್ಟು ಹಚ್ಚಿ ಕೊಡೆಯನ್ನು ಮನೆಯಲ್ಲಿಟ್ಟು ಹೊರಟರೆ ಹಣವೂ ಹೋಯಿತು, ರಕ್ಷಣೆಯೂ ಇಲ್ಲ.

ಆದ್ದರಿಂದ ನನ್ನ ಸಲಹೆ: ಕೊಡೆ, ಅಗಲ ಅಂಚಿನ ಟೋಪಿ, ತುಂಬು ತೋಳಿನ ಒತ್ತು ನೇಯ್ಗೆಯ ಬಟ್ಟೆ, ಇವು ಮೊದಲು. ಇವು ಮುಚ್ಚದ ಭಾಗಕ್ಕೆ ಕ್ರೀಮು. ಬಂಗು, ತೊನ್ನು, ಬಿಸಿಲಿನ ಅಲರ್ಜಿ ಇರುವವರಿಗೆ ಮಾತ್ರ ಎರಡೂ ಅವಶ್ಯ. ತಂಗಾಳಿಯನ್ನು ನಂಬಬೇಡಿ, ನೇರಳಾತೀತ ಕಿರಣಕ್ಕೆ ಬಿಸಿಯಿಲ್ಲ. ನಿಮ್ಮ ನೆರಳನ್ನು ನೋಡಿ. ಅದು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲು ಪ್ರಖರವೆಂದು ತಿಳಿಯಿರಿ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ಸೂರ್ಯ ನೆತ್ತಿಯ ನೇರಕ್ಕೇ ಬಂದು ನೆರಳು ಕಾಲಡಿಗೆ ಸರಿಯುತ್ತದೆ.

ಬಂಗು ಹೋಗಲೆಂದು ಅಂಗಡಿಯಿಂದ ನೀವೇ ಮುಲಾಮು ತಂದು ಹಚ್ಚುವುದು ಇನ್ನೂ ಅಪಾಯಕರ. ಇಂಥ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಕೆಲವು ವಾರ ಮುಖ ತಿಳಿಯಾದಂತೆ ಕಂಡು, ಬಳಿಕ ಚರ್ಮ ತೆಳುವಾಗಿ, ಕೆಂಪಾಗಿ, ಬಿಸಿಲನ್ನೇ ತಾಳದಂತಾಗುತ್ತದೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ಚೀಟಿ ಇಲ್ಲದೆ ಕೇಳದಿರುವುದು ನಮ್ಮ ಕರ್ತವ್ಯವೂ ಹೌದು.

ಕೊನೆಯದಾಗಿ, ಅತಿ ಹೆಚ್ಚು ಬಿಸಿಲು ಬೀಳುವುದು ಟ್ಯೂಬು ಕೊಳ್ಳಲಾಗದವರ ಮೇಲೆ. ರಸ್ತೆ ಕೆಲಸದವರಿಗೆ, ಪೌರಕಾರ್ಮಿಕರಿಗೆ ಟೋಪಿಯನ್ನೂ ನಡುಹಗಲಿನಲ್ಲಿ ನೆರಳನ್ನೂ ಒದಗಿಸುವುದು ಕೆಲಸ ಕೊಟ್ಟವರ ಹೊಣೆ. ಮಕ್ಕಳ ಆಟೋಟವನ್ನು ಶಾಲೆಗಳು ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ನಂತರ ಇಟ್ಟುಕೊಳ್ಳಲಿ. ಇದಕ್ಕೆ ಖರ್ಚಿಲ್ಲ, ಸ್ವಲ್ಪ ಯೋಚನೆ ಸಾಕು.