ಅದು ಶಕ್ತಿ ಮಾತ್ರೆ ಅಲ್ಲ ಸ್ವಾಮಿ!

ದಾವಣಗೆರೆ ಬಿಟ್ಟು ವಿಶಾಖಪಟ್ಟಣಕ್ಕೆ ಬಂದು ಇಪ್ಪತ್ತಾರು ವರ್ಷ ಆಯ್ತು. ಈಗ ಭೀಮುನಿಪಟ್ಟಣದಲ್ಲಿ ಮನೆ. ತೆಲುಗಿನಲ್ಲಿ ಚೌಕಾಸಿ ಮಾಡಲು ಬರುತ್ತೆ, ಜಗಳ ಆಡಲೂ ಬರುತ್ತೆ. ಆದರೆ ಡಾಕ್ಟರ ಎದುರು ಕೂತರೆ ಮಾತ್ರ ನಾನು ಇವತ್ತಿಗೂ ಹೊಸಬನೇ. ಅವರು ಹೇಳಿದ್ದಕ್ಕೆಲ್ಲ ತಲೆ ಆಡಿಸಿ ಎದ್ದು ಬರುತ್ತೇನೆ. ಈ ತಲೆ ಆಡಿಸುವ ಚಟದ ಮೇಲೆ ಸಿಟ್ಟು ಬಂದು ಇದನ್ನು ಬರೀತಾ ಇದ್ದೀನಿ.

ನನ್ನ ತಂಗಿ ಮಗಳು ಗಂಡನ ಕೆಲಸದಿಂದಾಗಿ ಇಲ್ಲೇ ಪಟ್ಟಣದಲ್ಲಿದ್ದಾಳೆ. ಸೊಂಟದಿಂದ ಕಾಲಿಗೆ ಇಳಿಯುವ ನೋವು ಅಂತ ಒಬ್ಬ ಡಾಕ್ಟರಿಗೆ ತೋರಿಸಿದಳು. "ನರಾಲಕಿ ಬಲಂ" ಅಂತ ಹೇಳಿ ಒಂದು ಮಾತ್ರೆ ಬರೆದರು. ಮದುವೆಯಾಗಿ ಎರಡು ವರ್ಷವಾದ ಹುಡುಗಿಗೆ 'ಮಗುವಿನ ಯೋಚನೆ ಇದೆಯೇನಮ್ಮಾ' ಅಂತ ಯಾರೂ ಕೇಳಲಿಲ್ಲ. ಆಮೇಲೆ ಐದು ತಿಂಗಳು ಚೀಟಿಯೂ ಇಲ್ಲದೆ, ಖಾಲಿ ಸ್ಟ್ರಿಪ್ ತೋರಿಸಿ ಮೆಡಿಕಲ್ ಶಾಪಿನಲ್ಲಿ ತಂದು ನುಂಗಿದಳು. ಬಿ12 ವಿಟಮಿನ್ ಅಂದುಕೊಂಡಿದ್ದಳು. ಸ್ಟ್ರಿಪ್ ಮೇಲೆ ಮೀಥೈಲ್‌ಕೋಬಾಲಮಿನ್ ಅಂತ ಇದ್ದದ್ದು ನಿಜ. ಅದರ ಪಕ್ಕದಲ್ಲಿ ಪ್ರೆಗಾಬಾಲಿನ್ 75 ಅಂತಲೂ ಇತ್ತು! ನರದ ನೋವಿಗೂ ಫಿಟ್ಸ್‌ಗೂ ಕೊಡುವ ಔಷಧ ಅದು, ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗೇ ಇಲ್ಲ. ಆ ಎಚ್ಚರಿಕೆಯೂ ಇರುತ್ತೆ, ಕೆಂಪು ಚೌಕದೊಳಗೆ, ಇಂಗ್ಲಿಷಿನಲ್ಲಿ.

ಎರಡನೇ ತಿಂಗಳು ಅಂತ ಗೊತ್ತಾದ ದಿನವೇ ಅವಳ ಅತ್ತೆ ಸ್ಟ್ರಿಪ್ ಎತ್ತಿ ಕಸಕ್ಕೆ ಹಾಕಿದರು. ಮೂರು ದಿನ ಬಿಟ್ಟು ಫೋನು: "ಮಾವ, ಕಣ್ಣು ಮುಚ್ಚೋಕೆ ಆಗ್ತಿಲ್ಲ, ಮೈಯೆಲ್ಲ ಬೆವರು, ಎದೆ ಡವಡವ... ಮಗುಗೆ ಏನಾದ್ರೂ ಆಯ್ತಾ?" ಏನೂ ಆಗಿರಲಿಲ್ಲ. ಔಷಧವನ್ನು ಗಕ್ಕನೆ ನಿಲ್ಲಿಸಿದರೆ ಹೀಗೆಲ್ಲ ಆಗುತ್ತೆ. ಹೆರಿಗೆ ಡಾಕ್ಟರು ಕಡಿಮೆ ಡೋಸಿನಲ್ಲಿ ಮತ್ತೆ ಶುರು ಮಾಡಿಸಿ, ನಿಧಾನವಾಗಿ ಇಳಿಸಿ ಬಿಡಿಸಿದರು.

ಈಗ ಹೇಳಿ, ತಪ್ಪು ಯಾರದ್ದು? ಮನೆಯಲ್ಲೆಲ್ಲ ಬೈದದ್ದು ಹುಡುಗಿಯನ್ನೇ!

ಸರಿ, ಲೆಕ್ಕ ನೋಡೋಣ. ಡೆನ್ಮಾರ್ಕ್, ಫಿನ್ಲೆಂಡ್, ನಾರ್ವೆ, ಸ್ವೀಡನ್ ಸೇರಿ, ಪ್ರೆಗಾಬಾಲಿನ್ ತೆಗೆದುಕೊಂಡ 2,700ಕ್ಕೂ ಹೆಚ್ಚು ಬಸಿರುಗಳ ದಾಖಲೆ ನೋಡಿದ್ದಾರೆ. ಮೊದಲ ಮೂರು ತಿಂಗಳಲ್ಲಿ ತೆಗೆದುಕೊಂಡವರಲ್ಲಿ 100ಕ್ಕೆ ಸುಮಾರು 6 ಮಕ್ಕಳಿಗೆ ದೊಡ್ಡ ಅಂಗದೋಷ ಇತ್ತು. ತೆಗೆದುಕೊಳ್ಳದವರಲ್ಲಿ ಸುಮಾರು 4. ಇದರ ಮೇಲೆ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಎಚ್ಚರಿಕೆ ಕೊಟ್ಟಿತು: ಔಷಧ ನಡೆಯುವಾಗ ಗರ್ಭ ನಿಲ್ಲದಂತೆ ನೋಡಿಕೊಳ್ಳಿ, ತೀರಾ ಅಗತ್ಯವಿಲ್ಲದಿದ್ದರೆ ಬಸಿರಿನಲ್ಲಿ ಬೇಡ. ಅದರ ಅಣ್ಣತಮ್ಮ ಗ್ಯಾಬಾಪೆಂಟಿನ್ ಬಗ್ಗೆ 2020ರಲ್ಲಿ ಅಮೆರಿಕದ ದೊಡ್ಡ ಅಧ್ಯಯನ ಬಂತು. ಒಟ್ಟಾರೆ ಅಂಗದೋಷ ಹೆಚ್ಚಿದ್ದಕ್ಕೆ ಗಟ್ಟಿ ಸಾಕ್ಷಿ ಸಿಗಲಿಲ್ಲ. ಆದರೆ ದಿನ ತುಂಬುವ ಮುಂಚೆ ಹೆರಿಗೆ, ತೂಕ ಕಡಿಮೆಯ ಕೂಸು ಇವು ಹೆಚ್ಚಾಗಿ ಕಂಡವು. ಇವೆರಡಕ್ಕಿಂತ ಎಷ್ಟೋ ಪಾಲು ಕೆಟ್ಟದ್ದು ಫಿಟ್ಸ್‌ಗೆ ಕೊಡುವ ವ್ಯಾಲ್ಪ್ರೋಯೇಟ್: 100ಕ್ಕೆ ಸುಮಾರು 10 ಮಕ್ಕಳಿಗೆ ಅಂಗದೋಷ, 30ರಿಂದ 40 ಮಕ್ಕಳಿಗೆ ಬೆಳವಣಿಗೆಯ ತೊಂದರೆ.

'ಹಾಗಾದ್ರೆ ಅತ್ತೆ ಮಾಡಿದ್ದೇ ಸರಿ' ಅನ್ನಬೇಡಿ. ಫಿಟ್ಸ್ ಇರುವ ಹೆಣ್ಣುಮಗಳು ಹೆದರಿ ಮಾತ್ರೆ ನಿಲ್ಲಿಸಿದರೆ ಫಿಟ್ಸ್ ಮರಳಿ ಬರಬಹುದು. ಆಗ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ 1998ರಲ್ಲೇ ಇಂಥ ತಾಯಂದಿರಿಗೆ ನೋಂದಣಿ ಶುರು ಮಾಡಿತು, ಬಸಿರಿಗೆ ಮುಂಚೆಯೇ ಅಥವಾ ಶುರುವಿನಲ್ಲೇ ಹೆಸರು ಬರೆಸಿಕೊಂಡು, ಹೆರಿಗೆ ಆದಮೇಲೂ ಮಗುವನ್ನು ನೋಡುವ ವ್ಯವಸ್ಥೆ. ಫಿಟ್ಸ್ ಇರುವ ತಾಯಂದಿರಲ್ಲೂ ಬಹುಪಾಲು ಜನಕ್ಕೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತವೆ.

ನನ್ನ ತಕರಾರು ಒಂದೇ. ಈ ಪ್ರಶ್ನೆ ಕೇಳಬೇಕಾದದ್ದು ಚೀಟಿ ಬರೆಯುವ ದಿನ, ಬಸಿರಾದ ಮೇಲೆ ಅಲ್ಲ. ಮಗುವಿನ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ನಾಲ್ಕು ವಾರದೊಳಗೆ. ಎಷ್ಟೋ ಹೆಣ್ಣುಮಕ್ಕಳಿಗೆ ಅಷ್ಟರಲ್ಲಿ ಬಸಿರು ಅಂತಲೇ ಗೊತ್ತಾಗಿರುವುದಿಲ್ಲ! ಆಮೇಲೆ ಎಸೆದು ಏನು ಬಂತು? ಮೊದಲೇ ಕೇಳಿದ್ದರೆ ಬೇರೆ ಔಷಧ ನೋಡಬಹುದಿತ್ತು, ಫೋಲಿಕ್ ಆಸಿಡ್ ಮುಂಚೆಯೇ ಶುರು ಮಾಡಬಹುದಿತ್ತು. ಒಂದು ಪ್ರಶ್ನೆಗೆ ಅರ್ಧ ನಿಮಿಷ ಸಾಕು. ಕ್ಲಿನಿಕ್ಕಿನಲ್ಲಿ ಎಷ್ಟೇ ರಶ್ ಇರಲಿ, ಅರ್ಧ ನಿಮಿಷ ಇಲ್ಲ ಅಂದರೆ ನಾನು ಒಪ್ಪುವುದಿಲ್ಲ.

ಅವರು ಕೇಳದಿದ್ದರೆ ನಾವೇ ಕೇಳೋಣ. ಇಲ್ಲಿರುವ ನಮ್ಮ ಹೆಣ್ಣುಮಕ್ಕಳು ಈ ತೆಲುಗು ಸಾಲು ಬಾಯಿಪಾಠ ಮಾಡಿಕೊಳ್ಳಿ: "ನಾಕು ಗರ್ಭಂ ವಚ್ಚೇ ಅವಕಾಶಂ ಉಂದಿ, ಈ ಮಂದು ವಾಡೊಚ್ಚಾ?" ನನಗೆ ಗರ್ಭ ನಿಲ್ಲಬಹುದು, ಈ ಔಷಧ ತಗೋಬಹುದಾ ಅಂತ. ಈಗಾಗಲೇ ತಗೊಳ್ತಾ ಇದ್ದು ಬಸಿರು ಗೊತ್ತಾದರೆ ಎಸೆಯಬೇಡಿ, ಸುಮ್ಮನೆ ಮುಂದುವರಿಸಲೂ ಬೇಡಿ. ಸ್ಟ್ರಿಪ್ ಹಿಡಿದು ಅವತ್ತೇ ಡಾಕ್ಟರ ಹತ್ತಿರ ಹೋಗಿ.

ತಂಗಿ ಮಗಳ ಕೂಸು ಚೆನ್ನಾಗಿದೆ, ಗುಂಡಗುಂಡಗಿದೆ. 'ನೋಡಿ, ಏನೂ ಆಗಲಿಲ್ಲವಲ್ಲ' ಅನ್ನುತ್ತಾರೆ ಬೀಗರು. ಒಂದು ಕೂಸು ಚೆನ್ನಾಗಿದ್ದ ಮಾತ್ರಕ್ಕೆ ಔಷಧ ಸುರಕ್ಷಿತ ಅಂತ ಆಗುವುದಿಲ್ಲ ಸ್ವಾಮಿ. ಅವಳು ಅಳುತ್ತಾ ಕಳೆದ ಆ ಮೂರು ರಾತ್ರಿಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲೂ ಇಲ್ಲ.

ನಿಮ್ಮ ಮನೆಯ ಔಷಧದ ಡಬ್ಬಿಯಲ್ಲಿ ಇಂಥ 'ಶಕ್ತಿ ಮಾತ್ರೆ' ಇದೆಯಾ? ಒಮ್ಮೆ ತೆಗೆದು ಹೆಸರು ಓದಿ ನೋಡಿ.